ನಮ್ಮದು ಹೇಗಿದೆ?

ಎದುರು ಮನೆಯ ಅಕ್ಕ ನಮ್ಮ ಬಾಗಿಲನ್ನು ಮೊಣಕೈಯಿಂದ ಬಡಿಯುತ್ತಿದ್ದರು. ಕರೆಗಂಟೆ ಇಲ್ಲವೆಂದಲ್ಲ, ಅವರ ಎರಡು ಕೈಗಳೂ ಎಂದೂ ಖಾಲಿ ಇರುತ್ತಿರಲಿಲ್ಲ. ಒಗೆದ ಬಟ್ಟೆಯ ಬುಟ್ಟಿಯೋ, ಬಿಸಿ ಪಾತ್ರೆಯೋ, ಕೆಳಗಿನ ಮನೆಯವರ ಮಗುವೋ ಇದ್ದೇ ಇರುತ್ತಿತ್ತು. ಆ ಮೊಣಕೈಯ ಚರ್ಮ ಒಣಗಿ, ಕಪ್ಪಗಾಗಿ, ಬಿರುಕು ಬಿಟ್ಟಿತ್ತು. ಅಗಲವಾದ ಭುಜ, ಗಿಡ್ಡ ಕತ್ತು. ಕನ್ನಡಕಕ್ಕೆ ಎಲ್ಲರ ಹಾಗೆ ಸರಪಳಿ ಇಲ್ಲ, ಮೀನು ಹಿಡಿಯುವ ಗಾಳದ ನೈಲಾನ್ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಹಿಮ ಬಿದ್ದ ದಿನವೂ ಮೆಟ್ಟಿಲ ಮೇಲೆ ಬರಿಗಾಲು. ಇವತ್ತಿಗೂ ಯಾರಾದರೂ ಗಂಟೆ ಒತ್ತದೆ ನಮ್ಮ ಬಾಗಿಲು ಬಡಿದರೆ ನನಗೆ ಮೊದಲು ಆಗುವುದು ನಾಚಿಕೆ. ಬಾಗಿಲು ತೆರೆಯುವುದು ಆಮೇಲೆ.

ನಾವಿರುವುದು ಹ್ಯಾಂಬರ್ಗಿನಲ್ಲಿ, ಎಲ್ಬೆ ನದಿ ಎರಡಾಗಿ ಹರಿದು ನಡುವೆ ಬಿಟ್ಟಿರುವ ನೆಲದ ಮೇಲೆ. ಬಾಡಿಗೆ ಸ್ವಲ್ಪ ಕಡಿಮೆ, ನನ್ನ ಗಂಡನ ವಿಮಾನದ ಫ್ಯಾಕ್ಟರಿಗೆ ಹೋಗಲು ಒಂದು ಬಸ್ಸು, ಒಂದು ಫೆರ್ರಿ. ನಾವು ಈ ಜಾಗ ಆರಿಸಿದ್ದು ಈ ಲೆಕ್ಕದಲ್ಲಿ. ಅಕ್ಕ ಆರಿಸಿದ್ದಕ್ಕೆ ಕಾರಣ ಬೇರೆ. "ಸುತ್ತ ನೀರಿಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ" ಅನ್ನುತ್ತಿದ್ದರು. ಪೆಸಿಫಿಕ್ ಸಾಗರದ ನಡುವೆ, ಭೂಪಟದಲ್ಲಿ ನೊಣ ಕೂತ ಗುರುತಿನಷ್ಟಿರುವ ಒಂದು ದ್ವೀಪದವರು ಅವರು. ಪರಿಚಯವಾದ ವಾರದಲ್ಲೇ ನನ್ನ ಗಂಡ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, "ಅದು ನಿಜವಾಗಿಯೂ ಒಂದು ದೇಶವಾ, ಅಥವಾ ಯಾವುದಾದರೂ ದೇಶಕ್ಕೆ ಸೇರಿದ್ದಾ?" ಎಂದು ಕೇಳಿಬಿಟ್ಟ. ನಾನು ನಾಲಿಗೆ ಕಚ್ಚಿಕೊಂಡೆ. ಅಕ್ಕ ಮಾತ್ರ ಗಂಭೀರವಾಗಿ, "ದೇಶವೇ. ರಾಷ್ಟ್ರಗೀತೆ ಕೂಡ ಇದೆ, ಹಾಡಲಾ?" ಎಂದವರೇ ಹಾಡಲು ಶುರು ಮಾಡಿದರು. ಒಂದು ಚರಣವಲ್ಲ, ಪೂರ್ತಿ. ನನ್ನ ಗಂಡ ಕೈಯಲ್ಲಿ ಕಸದ ಚೀಲ ಹಿಡಿದು, ಹಾಡು ಮುಗಿಯುವ ತನಕ ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತಿದ್ದ.

ಬಂದರಿನ ಹತ್ತಿರದ ಒಂದು ಕಚೇರಿಯಲ್ಲಿ ಅವರ ಕೆಲಸ. ಕೆಲಸವೆಂದರೆ ಸಣ್ಣ ಸಣ್ಣ ದ್ವೀಪದೇಶಗಳನ್ನು ಒಂದಕ್ಕೊಂದು ಹೊಂದಿಸುವುದು. ಅದನ್ನು ಅವರು ನನಗೆ ವಿವರಿಸಿದ್ದು ನನ್ನದೇ ಅಡುಗೆಮನೆಯಲ್ಲಿ, ನಾನು ಚಪಾತಿ ಲಟ್ಟಿಸುತ್ತಿದ್ದಾಗ. ಚಂಡಮಾರುತ ಬಂದರೆ ದ್ವೀಪದ ಮನೆಗಳು ಹೋಗುತ್ತವೆ. ಅಂಥ ದಿನಕ್ಕೆಂದೇ ಕೂಡಿಟ್ಟ ಅಕ್ಕಿ, ಟಾರ್ಪಾಲು, ಔಷಧಿ, ರೇಡಿಯೋ ಕೂಡ ಅದೇ ಗಾಳಿಯಲ್ಲಿ ಹೋಗುತ್ತವೆ. ಉಗ್ರಾಣ ಇರುವುದೂ ಅದೇ ದ್ವೀಪದಲ್ಲಿ ತಾನೇ? ಸಮುದ್ರ ವರ್ಷವರ್ಷವೂ ಇನ್ನಷ್ಟು ಒಳಗೆ ಬರುತ್ತಿದೆ, ಎತ್ತರದ ಜಾಗ ಅನ್ನುವುದೇ ಇಲ್ಲ. ದೂರದ ದೊಡ್ಡ ದೇಶಗಳ ಹಡಗು ಬರುವಷ್ಟರಲ್ಲಿ ಮಕ್ಕಳು ಉಪ್ಪುನೀರು ಕುಡಿದಿರುತ್ತಾರೆ.

"ಅದಕ್ಕೇ ನಮ್ಮ ಸಾಮಾನು ಪಕ್ಕದ ದ್ವೀಪದಲ್ಲಿ, ಅವರದು ನಮ್ಮಲ್ಲಿ" ಎಂದರು. "ಗಾಳಿ ಒಂದೇ ದಿನ ಎಲ್ಲರ ಮನೆಗೂ ಬರುವುದಿಲ್ಲ."

ಕೇಳಲು ಸುಲಭ. ಆದರೆ ಒಂದು ದೇಶ ತನ್ನ ಆಪತ್ತಿನ ಅನ್ನವನ್ನು ಇನ್ನೊಂದು ದೇಶದ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಮಲಗುವುದೆಂದರೆ ಸಣ್ಣ ಮಾತಲ್ಲ. ಅವರು ತಿಂದುಬಿಟ್ಟರೆ? ಮಾರಿಬಿಟ್ಟರೆ? ಇಲಿ ಹೊಕ್ಕರೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಅಕ್ಕನ ತಲೆಗೂದಲು ಬೆಳ್ಳಗಾಗಿತ್ತು. ಅಲ್ಲಿಗೂ ಇಲ್ಲಿಗೂ ಹೊತ್ತು ಹೊಂದದ ಕಾರಣ ಅವರ ಫೋನುಗಳು ನಾವು ಹಾಲು ಕಾಯಿಸುವ ಹೊತ್ತಿಗೇ ಶುರುವಾಗುತ್ತಿದ್ದವು. ಗೋಡೆಯಾಚೆಯಿಂದ ದೊಡ್ಡ ದನಿ ಕೇಳಿಸುತ್ತಿತ್ತು. ಒಪ್ಪಂದಕ್ಕೆ ಬಂದ ದ್ವೀಪಗಳವರು ಫೋನಿನಲ್ಲಿ ಹಲೋ ಅನ್ನುವುದನ್ನೇ ಬಿಟ್ಟಿದ್ದರಂತೆ. ಒಬ್ಬರು "ನಮ್ಮದು ಹೇಗಿದೆ?" ಅನ್ನಬೇಕು. ಇನ್ನೊಬ್ಬರು "ನಿಮ್ಮದು ಚೆನ್ನಾಗಿದೆ, ನಮ್ಮದು?" ಅನ್ನಬೇಕು. ಆಮೇಲೆ ಉಳಿದ ಮಾತು.

ಒಂದು ದಿನ ಮೊಣಕೈ ಬಡಿಯಿತು. ತೆರೆದರೆ ಅಕ್ಕ ಒಂದು ಮರದ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದಾರೆ.

"ನಾನು ಯಾವ ಊರಲ್ಲಿದ್ದರೂ ಎದುರು ಮನೆಯವರ ಜೊತೆ ಇದನ್ನು ಮಾಡುತ್ತೇನೆ. ದೇಶಗಳಿಗೆ ಮಾಡಿ ಅಂತ ಹೇಳಿ ನಾನೇ ಮಾಡದಿದ್ದರೆ ಹೇಗೆ? ಇದು ನನ್ನದು, ನಿಮ್ಮ ಮನೆಯಲ್ಲಿರಲಿ. ನೀವೂ ಒಂದು ಪೆಟ್ಟಿಗೆ ಕೊಡಿ, ಮನೆ ಹೋದರೆ ನಿಮಗೆ ಏನು ಬೇಕೋ ಅದನ್ನು ತುಂಬಿ."

ಮುಚ್ಚಳ ತೆಗೆದು ಒಂದೊಂದೇ ತೋರಿಸಿದರು. ಟಾರ್ಪಾಲು, ಹಗ್ಗ, ಕೈಯಿಂದ ತಿರುಗಿಸುವ ರೇಡಿಯೋ, ನೀರು ಶುದ್ಧ ಮಾಡುವ ಗುಳಿಗೆ, ಎರಡು ಹೂವಿನ ಬಟ್ಟೆ, ಅವರ ತಾಯಿ ಹೆಣೆದ ಚಾಪೆ, ಕೆಳಗೆ ಸಾಲಾಗಿ ತಗಡಿನ ಡಬ್ಬಿಗಳು. ಡಬ್ಬಿಯೊಂದನ್ನು ಎತ್ತಿ ಹಿಡಿದು, "ಇದರಲ್ಲಿ ದನದ ಮಾಂಸ ಇದೆ. ನಮ್ಮ ಕಡೆ ಗಾಳಿ ಬಂದಾಗ ಎಲ್ಲರೂ ಬದುಕುವುದು ಇದರ ಮೇಲೆಯೇ. ನೀವು ತಿನ್ನುವುದಿಲ್ಲ ಅಂತ ಗೊತ್ತು. ಮನೆಯಲ್ಲಿ ಇಡಬಹುದಾ? ಬೇಡ ಅಂದರೆ ಬೇರೆ ಏನಾದರೂ ಹಾಕುತ್ತೇನೆ" ಎಂದರು.

"ಪರವಾಗಿಲ್ಲ" ಎಂದೆ.

"ಮುಲಾಜು ಬೇಡ. ಬೇಡ ಅಂದರೆ ಈಗಲೇ ಅನ್ನಿ."

"ಅಯ್ಯೋ, ಪರವಾಗಿಲ್ಲ ಅಕ್ಕ. ಅದಕ್ಕೇನು!"

ನಮ್ಮವರ ಈ 'ಪರವಾಗಿಲ್ಲ' ಇದೆಯಲ್ಲ, ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಎದುರಿಗಿರುವವರು ಬೇಗ ಹೊರಟರೆ ಸಾಕು ಅನ್ನುವುದರ ಸಭ್ಯ ರೂಪ. ನೆಂಟರು ಮೂರು ದಿನ ಹೆಚ್ಚಿಗೆ ಉಳಿದರೂ ಪರವಾಗಿಲ್ಲ, ದರ್ಜಿ ರವಿಕೆ ಕೆಡಿಸಿದರೂ ಪರವಾಗಿಲ್ಲ. ಆಮೇಲೆ ಒಳಗೆ ಹೋಗಿ ಮುಖ ಗಂಟಿಕ್ಕಿಕೊಳ್ಳುವುದು. ಅಕ್ಕನಿಗೆ ಇದು ತಿಳಿಯುವುದಾದರೂ ಹೇಗೆ? ಅವರ ಕಡೆ ಮಾತು ಕೊಟ್ಟರೆ ಅದರ ಮೇಲೆ ಒಂದು ಊರು ಉಣ್ಣುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ನಾವು ತುಂಬಿದ್ದನ್ನು ನೆನೆದರೂ ಮುಖ ಬಿಸಿಯಾಗುತ್ತದೆ. ನನ್ನ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅವನ ಎಂ.ಟೆಕ್‌ವರೆಗಿನ ಮಾರ್ಕ್ಸ್‌ಕಾರ್ಡುಗಳ ಪ್ರತಿ, ನನ್ನ ಧಾರೆಯ ಇಳಕಲ್ ಸೀರೆ, ಬೆಳ್ಳಿಯ ಕುಂಕುಮದ ಭರಣಿ, ಮದುವೆಯ ಆಲ್ಬಮ್. ಮನೆ ಮುಳುಗಿದ ದಿನ ನಾವು ಇಳಕಲ್ ಸೀರೆ ಉಟ್ಟುಕೊಂಡು, ಮಾರ್ಕ್ಸ್‌ಕಾರ್ಡು ಹಿಡಿದುಕೊಂಡು ಯಾರ ಮುಂದೆ ನಿಲ್ಲುವವರಿದ್ದೆವೋ! ಒಂದು ಬಿಸ್ಕತ್ತಿನ ಪೊಟ್ಟಣವಿಲ್ಲ, ಮಗನಿಗೊಂದು ಜೊತೆ ಕಾಲುಚೀಲವಿಲ್ಲ. ಆಪತ್ತೆಂದರೆ ನಮ್ಮಂಥವರಿಗೆ ಮರ್ಯಾದೆಗೆ ಬರುವ ಆಪತ್ತು ಮಾತ್ರ ಹೊಳೆಯುತ್ತದೆ.

ಅಕ್ಕನ ಪೆಟ್ಟಿಗೆಯನ್ನು ಒಳಗಿನ ಸಣ್ಣ ಕೋಣೆಯಲ್ಲಿ, ಹಿಟ್ಟಿನ ಡಬ್ಬಗಳ ಪಕ್ಕ ಇಟ್ಟೆವು. ಅಂದಿನಿಂದ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಅವರು "ನಮ್ಮದು ಹೇಗಿದೆ?" ಅನ್ನುತ್ತಿದ್ದರು. ನಾನು "ನಿಮ್ಮದು ಚೆನ್ನಾಗಿದೆ, ನಮ್ಮದು?" ಅನ್ನುತ್ತಿದ್ದೆ. ನನ್ನ ಮಗನಿಗಂತೂ ಇದೊಂದು ಆಟ. ನಮ್ಮ ಜೊತೆ ಕನ್ನಡದಲ್ಲಿ ಒಂದು ವಾಕ್ಯ ಪೂರ್ತಿ ಆಡದವನು, ಅವರು ಕಲಿಸಿದ ಅವರ ಭಾಷೆಯಲ್ಲಿ ಈ ಪ್ರಶ್ನೋತ್ತರವನ್ನು ಮೆಟ್ಟಿಲು ಇಳಿಯುತ್ತಾ ಕೂಗುತ್ತಿದ್ದ.

ಮರುವರ್ಷ ಬೇಸಿಗೆಗೆ ಬಾಗಲಕೋಟೆಯಿಂದ ಅವ್ವ ಬಂದಳು. ಬಂದು ನಾಲ್ಕು ದಿನ ಆಗಿತ್ತೋ ಇಲ್ಲವೋ, ಜೋಳದ ಹಿಟ್ಟು ಹುಡುಕಲು ಸಣ್ಣ ಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಏನವ್ವಾ ಇದು, ಡಬ್ಬಿ ಮ್ಯಾಲ ಎತ್ತಿನ ಚಿತ್ರ ಐತಲ್ಲ?"

ಹೇಳಿದೆ. ಅವ್ವ ಕೂಗಾಡಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಸುಮ್ಮನೆ ಹಿಟ್ಟಿನ ಡಬ್ಬವನ್ನು ಅಲ್ಲೇ ಇಟ್ಟು ಹೊರಗೆ ಬಂದಳು. ಅವತ್ತು ಊಟ ಮಾಡಲಿಲ್ಲ. ಮರುದಿನ ಬಾಳೆಹಣ್ಣು, ಹಾಲು.

"ಅವ್ವ ಇರೂತನಕ ಕೆಳಗ ಕೆಲ್ಲರ್‌ನಾಗ ಇಡೋಣ ತಗೋ" ಎಂದ ನನ್ನ ಗಂಡ. "ಮೂರು ತಿಂಗಳ ಮ್ಯಾಟರ್. ಅವರಿಗೇನ್ ಗೊತ್ತಾಗ್ತದ?"

ಇಲ್ಲಿ ಪ್ರತಿ ಮನೆಗೂ ನೆಲಮಾಳಿಗೆಯಲ್ಲಿ ಒಂದು ಜಾಲರಿಯ ಗೂಡು ಇರುತ್ತದೆ, ಅದೇ ಕೆಲ್ಲರ್. ಅಕ್ಕ ಕಚೇರಿಗೆ ಹೋದ ಹೊತ್ತು ನೋಡಿ, ಪೆಟ್ಟಿಗೆಗೆ ಬೆಡ್‌ಶೀಟ್ ಹೊದಿಸಿ, ಇಬ್ಬರೂ ಹೊತ್ತು ಇಳಿಸಿದೆವು. ಹಳೆ ಸೈಕಲ್ಲು, ಸೂಟ್‌ಕೇಸುಗಳ ನಡುವೆ ಸಿಮೆಂಟಿನ ನೆಲದ ಮೇಲೆ ಇಟ್ಟೆವು. ಕೆಳಗೆ ಎರಡು ಇಟ್ಟಿಗೆ ಕೊಡಬೇಕೆಂದು ಕೂಡ ಹೊಳೆಯಲಿಲ್ಲ. ಅಂದು ಸಂಜೆ ಮೆಟ್ಟಿಲ ಮೇಲೆ ಅಕ್ಕ "ನಮ್ಮದು ಹೇಗಿದೆ?" ಎಂದಾಗ "ಚೆನ್ನಾಗಿದೆ" ಎಂದೆ. ಮೊದಲ ಸಲ ಅವರ ಕಣ್ಣು ತಪ್ಪಿಸಿ ಮೆಟ್ಟಿಲು ಇಳಿದೆ. ಆಮೇಲಾಮೇಲೆ ರೂಢಿಯಾಯಿತು.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಆಕಾಶವೇ ತೂತಾದ ಹಾಗೆ ಮಳೆ ಸುರಿಯಿತು. ಚರಂಡಿ ಉಕ್ಕಿ ಕೆಲ್ಲರಿಗೆ ಮೊಣಕಾಲುದ್ದ ನೀರು ಬಂತು. ಕಟ್ಟಡದವರೆಲ್ಲ ಬಕೆಟ್ ಹಿಡಿದು ಇಳಿಯುತ್ತಿದ್ದಾಗ ನಮ್ಮ ಬಾಗಿಲು ಬಡಿಯಿತು. ಅಕ್ಕನ ಎರಡೂ ಕೈಯಲ್ಲಿ ಬಕೆಟ್ಟು.

"ಕೆಳಗೆ ನೀರಂತೆ, ನಾನು ಹೋಗುತ್ತೇನೆ. ಸದ್ಯ, ನಮ್ಮದು ನಿಮ್ಮ ಮನೆಯಲ್ಲಿದೆ" ಎಂದು ನಕ್ಕರು.

"ಹೌದು" ಎಂದೆ.

ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಮೇಲೆ ಬರುತ್ತಿತ್ತು, ಅಕ್ಕ ಎರಡು ಮಾತು ಬೈಯುತ್ತಿದ್ದರು. ಆದರೆ ಅವರ ಬಾಗಿಲ ಮುಂದೆಯೇ ಅದನ್ನು ಹೊತ್ತು ತರಬೇಕಲ್ಲ! ನಾನು ತಲೆನೋವೆಂದು ಒಳಗೇ ಉಳಿದೆ. ಗಂಡ ಕೆಳಗೆ ಹೋಗಿ ನಮ್ಮ ಗೂಡಿನ ಮುಂದೆ ಬೆನ್ನು ಕೊಟ್ಟು ನಿಂತು, ಬೇರೆಯವರ ನೀರು ತೋಡಿ ಬಂದ. ನೀರು ಇಳಿಯಿತು. ನಾಳೆ ತರೋಣ, ಅವರು ಊರಿಗೆ ಹೋದಾಗ ತರೋಣ, ಶನಿವಾರ ತರೋಣ. ಶನಿವಾರ ಸ್ಟುಟ್‌ಗಾರ್ಟ್‌ನಲ್ಲಿ ಗೆಳೆಯರ ಗೃಹಪ್ರವೇಶ. ದಿನ ಕಳೆದಂತೆ ಆ ಕೆಲ್ಲರಿನ ಬೀಗ ನನಗೆ ಹಾವಿನ ಬುಟ್ಟಿಯ ಬೀಗವಾಯಿತು. ತೆಗೆಯುವುದಿರಲಿ, ಆ ಕಡೆ ನೋಡಲೂ ಮನಸ್ಸಾಗಲಿಲ್ಲ.

ಇತ್ತ ಅಕ್ಕನ ಮಹಾ ಕೆಲಸ ಒಂದು ದ್ವೀಪದ ಹತ್ತಿರ ಬಂದು ಸಿಕ್ಕಿಕೊಂಡಿತ್ತು. ಉಳಿದವರೆಲ್ಲ ಒಪ್ಪಿದ್ದರು. ಆ ಒಂದು ದ್ವೀಪ ಎಲ್ಲದರ ನಡುವಿನದು, ದೊಡ್ಡ ದೋಣಿ ನಿಲ್ಲುವ ಬಂದರು ಇರುವುದು ಅಲ್ಲೊಂದೇ. ಅದು ಸೇರದಿದ್ದರೆ ಇತ್ತಲಿನ ಸಾಮಾನು ಅತ್ತ ಹೋಗುವ ಹಾಗಿಲ್ಲ. ಗಾಳಿಯ ಕಾಲಕ್ಕೆ ಕೆಲವೇ ತಿಂಗಳು ಉಳಿದಿತ್ತು. ಆ ದ್ವೀಪದ ಹಿರಿಯ ಅಧಿಕಾರಿಯೊಬ್ಬರು ಮಾತುಕತೆಗೆ ಹ್ಯಾಂಬರ್ಗಿಗೆ ಬಂದಿದ್ದರು. ಆತನದು ಒಂದೇ ಹಟ. "ನಮ್ಮ ಅನ್ನ ನಮ್ಮ ಕಣ್ಣೆದುರಿಗಿರಲಿ. ಪರರ ಅನ್ನವನ್ನು ಯಾರೂ ತಮ್ಮದರ ಹಾಗೆ ಕಾಯುವುದಿಲ್ಲ. ಅದರಲ್ಲೂ ತಾವು ತಿನ್ನದ ಅನ್ನವನ್ನು."

ಒಂದು ಸಂಜೆ ಅಕ್ಕನ ಫೋನು. "ಐದೇ ನಿಮಿಷ. ಒಬ್ಬರನ್ನು ನಿಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೇನೆ. ಮಾಂಸ ಮುಟ್ಟದ ಮನೆಯಲ್ಲಿ ನನ್ನ ಡಬ್ಬಿಗಳು ಒಂದು ವರ್ಷದಿಂದ ಸುಖವಾಗಿವೆ, ಬಂದು ಕಣ್ಣಾರೆ ನೋಡಿ ಅಂದಿದ್ದೇನೆ. ಇವತ್ತು ನೀವೇ ನನ್ನ ಸಾಕ್ಷಿ."

ಗಂಡ ಫ್ಯಾಕ್ಟರಿಯಿಂದ ಬಂದಿರಲಿಲ್ಲ. ಅವ್ವ ನನ್ನ ಮುಖ ನೋಡಿ, "ಏನಾತು?" ಎಂದಳು. ನಾನು ಉತ್ತರ ಕೊಡುವ ಮೊದಲೇ ಬಾಗಿಲು ಬಡಿಯಿತು, ಮೊಣಕೈಯಿಂದಲೇ. ಅಕ್ಕನ ಒಂದು ಕೈಯಲ್ಲಿ ಆ ಅಧಿಕಾರಿಯ ಕೊಡೆ, ಇನ್ನೊಂದರಲ್ಲಿ ಆತನ ಕೋಟು. ಹಿಂದೆ ತೆಳ್ಳಗಿನ ಮುದುಕರೊಬ್ಬರು, ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

"ನಮ್ಮದು ಹೇಗಿದೆ?" ಎಂದರು ಅಕ್ಕ. ಅವತ್ತು ದನಿಯಲ್ಲಿ ಹಬ್ಬವಿತ್ತು.

ನಾನು ಕೆಲ್ಲರಿನ ಬೀಗದ ಕೈ ತೆಗೆದುಕೊಂಡೆ. "ಕೆಳಗಿದೆ" ಎಂದೆ. ಅಷ್ಟೇ. ಅಕ್ಕನ ನಗು ಒಮ್ಮೆಗೇ ಹೋಗಲಿಲ್ಲ. ಅರ್ಥವಾಗದವರ ಹಾಗೆ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು. ಅದನ್ನು ನಾನು ಮರೆತಿಲ್ಲ.

ಕೆಳಗೆ ಬಾಗಿಲು ತೆಗೆದೊಡನೆ ವಾಸನೆ ಬಂತು. ಪೆಟ್ಟಿಗೆಯ ತಳ ಉಬ್ಬಿ ಬಾಯಿ ಬಿಟ್ಟಿತ್ತು. ಹೂವಿನ ಬಟ್ಟೆಗೆ ಕಪ್ಪು ಬೂಷ್ಟು. ರೇಡಿಯೋದ ಹಿಡಿಕೆ ತಿರುಗಲಿಲ್ಲ. ಡಬ್ಬಿಗಳು ಕೆಂಪಗೆ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕ ಚಾಪೆಯನ್ನು ಎತ್ತಿದರೆ ಅದರ ಒಂದು ಅಂಚು ಪೆಟ್ಟಿಗೆಯಲ್ಲೇ ಉಳಿಯಿತು. ಮುದುಕರು ತಮ್ಮ ಫೋನಿನ ಬೆಳಕು ಹಿಡಿದು ಎಲ್ಲವನ್ನೂ ನಿಧಾನವಾಗಿ ನೋಡಿದರು. ನಾನು ಅವ್ವನ ಉಪವಾಸದಿಂದ ಹಿಡಿದು ಸ್ಟುಟ್‌ಗಾರ್ಟಿನ ಗೃಹಪ್ರವೇಶದ ತನಕ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ನನ್ನ ಮಾತು ಹೇಸಿಗೆಯಾಯಿತು. ಒಂದೊಂದು ಕಾರಣವೂ ಎಷ್ಟು ಸರಿಯಾಗಿತ್ತು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ನಾವಾಗಲೇ ಭೂಮಿಯ ಕೆಳಗಿದ್ದೆವು.

ಮುದುಕರು ನನ್ನ ಕಡೆ ನೋಡಿ, ಆಮೇಲೆ ಅಕ್ಕನಿಗೆ ಹೇಳಿದರು. "ಈ ಹುಡುಗಿ ಕೆಟ್ಟವಳಲ್ಲ. ನನ್ನ ಭಯ ಇದೇ. ಕಳ್ಳರಿಗೆ ನಾನು ಹೆದರುವುದಿಲ್ಲ, ಬೀಗ ಹಾಕಬಹುದು."

ಅಕ್ಕ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ನನಗೆ ಬೈಯುವ ಬದಲು ಆತನಿಗೆ ಹೇಳಿದರು. "ತಪ್ಪು ನನ್ನದೂ ಇದೆ. ಮೆಟ್ಟಿಲ ಮೇಲೆ ಕೇಳಿದೆ, ಒಳಗೆ ಹೋಗಿ ನೋಡಲಿಲ್ಲ. ನೋಡಿದರೆ ಇವರನ್ನು ನಂಬಲಿಲ್ಲ ಅಂತಾಗುತ್ತದಲ್ಲ ಅಂದುಕೊಂಡೆ. ಸರಿ, ಇನ್ನು ಒಳ್ಳೆಯವರನ್ನು ನಂಬುವುದು ಬೇಡ. ಬಂದು ತೆರೆದು ನೋಡೋಣ. ಮೂರು ತಿಂಗಳಿಗೊಮ್ಮೆ, ಸಾಮಾನಿನ ಒಡೆಯರೇ ಬರಬೇಕು. ಮತ್ತೆ, ಇಟ್ಟುಕೊಳ್ಳುವವರು ಮುಚ್ಚಳ ಹಾಕುವ ಮೊದಲು ಒಂದಾದರೂ ವಸ್ತುವನ್ನು 'ಇದು ಬೇಡ' ಅಂತ ತೆಗೆದಿಡಲೇಬೇಕು. ಆ ಮಾತು ಬಾಯಿಂದ ಬಂದ ಮೇಲೆಯೇ ಬೀಗ."

ಅಕ್ಕ ಮುದುಕರನ್ನೂ ನನ್ನನ್ನೂ ತಮ್ಮ ಮನೆಗೆ ಕರೆದುಕೊಂಡು ಹೋದರು. ನಮ್ಮ ಪೆಟ್ಟಿಗೆ ಅವರ ಮಲಗುವ ಕೋಣೆಯ ಕಪಾಟಿನ ಮೇಲಿತ್ತು. ಬಿಳಿ ಬಟ್ಟೆ ಸುತ್ತಿ, ಮೇಲೆ ಏನನ್ನೂ ಇಡದೆ. "ಅಡುಗೆಮನೆಯಿಂದ ದೂರ ಇಟ್ಟಿದ್ದೇನೆ. ಇಲ್ಲಿ ಮಾಂಸದ ವಾಸನೆ ಬರುವುದಿಲ್ಲ" ಎಂದರು. ನನಗೆ ಚುಚ್ಚಲೆಂದು ಹೇಳಿದ್ದಲ್ಲ, ಮುದುಕರಿಗೆ ಮಾಹಿತಿಗಾಗಿ ಹೇಳಿದ್ದು. ಚುಚ್ಚಿದ್ದರೇ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ.

"ನಮ್ಮ ಪೆಟ್ಟಿಗಿ ಎಲ್ಲಿಟ್ಟಾಳಂದಿ?"

"ಕಪಾಟಿನ ಮ್ಯಾಲ. ಬಿಳೇ ಅರಿವಿ ಸುತ್ತಿ."

"ನನ್ನ ಹೆಸರು ಹೇಳಿದೇನ? ಅವ್ವ ಉಣಲಿಲ್ಲ ಅಂತ?"

"ಹೇಳಿದೆ."

"ಹೇಳಬಾರದಿತ್ತು" ಎಂದಳು ಅವ್ವ. "ನಾ ಉಣಲಿಲ್ಲ ಖರೆ. ಆದರ ಕತ್ತಲದಾಗ ಒಗದು ಬರ್ರಿ ಅಂತ ಅಂದಿದ್ನೇನು? ಬಾಯಿ ಬಿಟ್ಟು ಹೇಳಿದ್ರ ಆಕಿ ಡಬ್ಬಿ ಅಷ್ಟ ತಗೀತಿದ್ಲು. ನಿಮಗ ನನ್ನ ಅಂಜಿಕೀನೂ ಇಲ್ಲ, ಆಕಿ ಅಂಜಿಕೀನೂ ಇಲ್ಲ. ಇಬ್ಬರ ಮುಂದೂ ಚಂದ ಕಾಣಬೇಕು."

ಮರುದಿನ ಅವ್ವ ಎದುರು ಮನೆಗೆ ತಾನೇ ಹೋದಳು. ಭಾಷೆ ಬಾರದು, ಕೈ ಚಾಚಿ ಚಾಪೆ ಕೇಳಿದಳು. ಮೂಸಿ ನೋಡಿ, "ಇದು ನಮ್ಮ ಕ್ಯಾದಗಿ ಗರೀನ ಅಲ್ಲೇನ" ಎಂದು ಕನ್ನಡದಲ್ಲೇ ಹೇಳಿದಳು. ಅದು ನಿಜವಾಗಿಯೂ ಕೇದಗೆಯ ಜಾತಿಯ ಗಿಡವೇ ಎಂದು ಆಮೇಲೆ ತಿಳಿಯಿತು. ಸ್ನಾನದ ತೊಟ್ಟಿಯಲ್ಲಿ ಚಾಪೆಯನ್ನೂ ಬಟ್ಟೆಗಳನ್ನೂ ಉಪ್ಪು, ನಿಂಬೆಹಣ್ಣು ಹಾಕಿ ತೊಳೆದಳು, ಬಾಲ್ಕನಿಯಲ್ಲಿ ಹರವಿದಳು. ಭಾನುವಾರ ಹೊರಗೆ ಏನನ್ನೂ ಒಣಹಾಕಬಾರದೆಂಬುದು ಇಲ್ಲಿನ ರೂಢಿ, ಬಾಲ್ಕನಿಯಲ್ಲಿ ಚಾಪೆ ತೂಗುಹಾಕಿದ್ದಕ್ಕೆ ಕೆಳಗಿನ ಮನೆಯವರು ದೂರಿದರು. ಅವ್ವ ತೆಗೆಯಲಿಲ್ಲ. ಕಲೆ ಅರ್ಧ ಹೋಯಿತು, ಅರ್ಧ ಉಳಿಯಿತು. ಹರಿದ ಅಂಚನ್ನು ಅಕ್ಕ, ಅವ್ವ ಇಬ್ಬರೂ ಕೂತು ಹೊಲಿದರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಎರಡು ಗಂಟೆ ಮಾತಾಡುತ್ತಾ.

ಡಬ್ಬಿಗಳನ್ನು ನಾನು ಹೊಸದಾಗಿ ತಂದುಕೊಡುತ್ತೇನೆಂದೆ. ಅಕ್ಕ ಬೇಡವೆನ್ನಲಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಎತ್ತಿನ ಚಿತ್ರದ ಆ ಡಬ್ಬಿಗಳನ್ನು ಬುಟ್ಟಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ, "ಏನ್ರೀ, ಎಷ್ಟು ದಿನಾ ಆತು!" ಎಂಬ ದನಿ. ಕನ್ನಡ ಕೂಟದ ಪರಿಚಯದವರು. ನಾನು ತಟ್ಟನೆ ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಡಬ್ಬಿಗಳ ಮೇಲೆ ಎಳೆದುಕೊಂಡೆ. ಕೆಲ್ಲರಿನಲ್ಲಿ ನಿಂತಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ ಆ ಗಳಿಗೆಯಲ್ಲಿ ಆಯಿತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನನ್ನ ನಾಚಿಕೆ ಎಂಥದ್ದು, ಅದು ಯಾರ ಮುಂದೆ ಎಚ್ಚರವಾಗುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿ, ಆ ಸಾಲಿನಲ್ಲಿ.

ಮುದುಕರು ಊರಿಗೆ ಹೋಗಿ ಬಹಳ ದಿನ ಸುದ್ದಿ ಕೊಡಲಿಲ್ಲ. ಗಾಳಿಯ ಕಾಲ ಶುರುವಾಗುವ ಹೊತ್ತಿಗೆ ಅವರ ದ್ವೀಪ ಒಪ್ಪಂದಕ್ಕೆ ಬಂತು, ಕೆಲ್ಲರಿನಲ್ಲಿ ಅಕ್ಕ ಆಡಿದ ಆ ಎರಡು ಮಾತುಗಳೂ ಅದರಲ್ಲಿದ್ದರೆ ಮಾತ್ರ ಎಂಬ ಷರತ್ತಿನ ಮೇಲೆ. ಅದಾದ ಮೇಲೆ ಒಂದು ಚಂಡಮಾರುತ ಅವರ ಬಂದರನ್ನೇ ಹೊಡೆಯಿತು. ಅವರ ಅಕ್ಕಿ, ಔಷಧಿ ಪಕ್ಕದ ದ್ವೀಪದ ಒಂದು ಶಾಲೆಯಲ್ಲಿ ನೆನೆಯದೆ ಇತ್ತು. ಸ್ವಲ್ಪ ದಿನದ ಹಿಂದಷ್ಟೇ ಮುದುಕರ ದ್ವೀಪದವರೇ ಹೋಗಿ ತೆರೆದು ನೋಡಿ, ಸೋರುತ್ತಿದ್ದ ಮೂಲೆಯಿಂದ ಎಲ್ಲವನ್ನೂ ಸರಿಸಿ ಇಡಿಸಿದ್ದರಂತೆ. ದೋಣಿಗಳು ಅದನ್ನು ಹೊತ್ತು ದಾಟಿದವು. ಅಕ್ಕ ಬೆಳಗಿನ ಫೋನಿನಲ್ಲಿ ಅಳುತ್ತಾ ನಗುತ್ತಿದ್ದುದು ಗೋಡೆಯಾಚೆ ಕೇಳಿಸಿತು. ಮೆಟ್ಟಿಲ ಮೇಲೆ ಸಿಕ್ಕಾಗ, "ಆ ಮುದುಕ ನಿಮ್ಮ ಕೆಲ್ಲರಿಗೆ ನಮಸ್ಕಾರ ಹೇಳಿದ್ದಾನೆ" ಎಂದರು. ಅವರ ಸಭೆಗಳಲ್ಲಿ ನಮ್ಮ ಕೆಲ್ಲರ್ ಒಂದು ಉದಾಹರಣೆಯಾಗಿತ್ತು, ಹೆಸರಿಲ್ಲದೆ. ಹೆಸರು ಬಿಟ್ಟದ್ದು ಅಕ್ಕನ ದೊಡ್ಡತನ.

ಅಕ್ಕ ತಪ್ಪದೆ ಮೂರು ತಿಂಗಳಿಗೊಮ್ಮೆ ಬಂದು ತಮ್ಮ ಹೊಸ ಪೆಟ್ಟಿಗೆ ತೆರೆಯುತ್ತಿದ್ದರು. ಅದೀಗ ನಮ್ಮ ನಡುಮನೆಯಲ್ಲಿ, ಕಿಟಕಿಯ ಕೆಳಗಿತ್ತು. ಪ್ರತಿ ಸಲವೂ ನಾನು ಒಂದನ್ನಾದರೂ "ಬೇಡ" ಅನ್ನಬೇಕು, ಇಲ್ಲವಾದರೆ ಅವರು ಏಳುತ್ತಿರಲಿಲ್ಲ. ಮೊದಲ ಸಲ ಬೆವರಿ ಹೋದೆ. ಒಣಮೀನಿನ ಪೊಟ್ಟಣ ತೋರಿಸಿ, "ಇದು ಬೇಡ, ವಾಸನೆ ತಡೆಯಲಾಗುವುದಿಲ್ಲ" ಎಂದೆ. ಅಕ್ಕ ಚಪ್ಪಾಳೆ ತಟ್ಟಿದರು. "ಇವತ್ತು ಮೊದಲ ಸಲ ನೀವು ನನ್ನ ಜೊತೆ ಮಾತಾಡಿದಿರಿ."

ಆದರೆ ನಾವು? ನಮ್ಮ ಪೆಟ್ಟಿಗೆ ತೆರೆಯಲು ನಾವೂ ಹೋಗಬೇಕಿತ್ತು, ನಿಯಮ ಎರಡೂ ಕಡೆಗೆ. ಒಮ್ಮೆಯೂ ಹೋಗಲಿಲ್ಲ. ಬೇರೆಯವರ ಮಲಗುವ ಕೋಣೆಗೆ ಹೋಗಿ ಪೆಟ್ಟಿಗೆ ಇಳಿಸುವುದು ಹೇಗೆ ಎಂಬ ಸಂಕೋಚ. "ನೀವು ಬರಲೇ ಇಲ್ಲ" ಎಂದು ಅವರು ಎರಡು ಮೂರು ಸಲ ಅಂದರು. "ನಿಮ್ಮ ಹತ್ತಿರ ಇದ್ದರೆ ಚೆನ್ನಾಗಿಯೇ ಇರುತ್ತದೆ ಬಿಡಿ ಅಕ್ಕ" ಎಂದೆ. ಮತ್ತೆ ಅದೇ ಸಭ್ಯತೆ. ಸಾಗರದ ನಡುವಿನ ಅಷ್ಟು ದೇಶಗಳು ದೋಣಿ ಹತ್ತಿ ಹೋಗಿ ತಮ್ಮ ಸಾಮಾನು ನೋಡಿಕೊಂಡು ಬರುತ್ತಿದ್ದವು, ನಮಗೆ ನಾಲ್ಕು ಹೆಜ್ಜೆ ದಾಟಲಾಗಲಿಲ್ಲ.

ಅಕ್ಕನಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯ ಹಾಸಿಗೆಯಲ್ಲಿ ಆ ಅಗಲದ ಭುಜಗಳು ಸಣ್ಣಗಾಗಿದ್ದವು. ಕನ್ನಡಕದ ನೈಲಾನ್ ದಾರ ಮಾತ್ರ ಹಾಗೇ ಇತ್ತು. ಕೊನೆಯ ಸಲ ಹೋದಾಗ ಕಣ್ಣು ತೆರೆಯದೆಯೇ, "ನಮ್ಮದು ಹೇಗಿದೆ?" ಎಂದರು.

"ಒಂದು ಡಬ್ಬಿ ಬಿದ್ದು ನೆಗ್ಗಿದೆ. ಮಗ ಬೀಳಿಸಿದ. ನಾಳೆ ಬದಲಾಯಿಸುತ್ತೇನೆ" ಎಂದೆ.

ಅವರು ನಕ್ಕರು. "ಈಗ ನಿಮ್ಮ ಮನೆಯಲ್ಲಿ ಏನು ಬೇಕಾದರೂ ಇಡಬಹುದು."

ನಮ್ಮದು ಹೇಗಿದೆ ಎಂದು ನಾನು ಕೇಳಲಿಲ್ಲ. ಕಾಯಿಲೆ ಬಿದ್ದವರನ್ನು ಹಾಗೆ ಕೇಳಬಾರದು ಅನ್ನಿಸಿತು. ಆ ವಾರದಲ್ಲೇ 'ಅವರು ಹೋದರು' ಎಂದು ಫೋನು ಬಂತು.

ಅವರ ತಂಗಿಯ ಮಗ ದ್ವೀಪದಿಂದ ಬಂದ. ಅವರ ಪೆಟ್ಟಿಗೆ ಒಯ್ಯಿರಿ ಎಂದರೆ ಒಯ್ಯಲಿಲ್ಲ. "ಅದು ಇಲ್ಲೇ ಇರಬೇಕಂತೆ. ಈ ಊರಲ್ಲಿ ಓದುವ ನಮ್ಮ ಹುಡುಗಿಯೊಬ್ಬಳು ಬಂದು ತೆರೆಯುತ್ತಾಳೆ" ಎಂದ. ಆಮೇಲೆ ಬಿಳಿ ಬಟ್ಟೆ ಸುತ್ತಿದ ನಮ್ಮ ಪೆಟ್ಟಿಗೆಯನ್ನು ತಂದು ನನ್ನ ಕೈಗೆ ಕೊಟ್ಟ. ನಾವು ಕೊಟ್ಟಾಗ ಇದ್ದದ್ದಕ್ಕಿಂತ ಭಾರವಾಗಿತ್ತು.

ಇಳಕಲ್ ಸೀರೆ, ಭರಣಿ, ಮಾರ್ಕ್ಸ್‌ಕಾರ್ಡು, ಆಲ್ಬಮ್ ಎಲ್ಲ ಒಂದು ಬದಿಗೆ ಅಚ್ಚುಕಟ್ಟಾಗಿ ಸರಿದಿದ್ದವು. ಇನ್ನೊಂದು ಬದಿಗೆ ಟಾರ್ಚು, ನೀರಿನ ಗುಳಿಗೆ, ಅಕ್ಕಿ, ಕಡಲೆ ಮತ್ತು ಬೇಳೆಯ ಡಬ್ಬಿಗಳು. ಪ್ರತಿ ಡಬ್ಬಿಯ ಮೇಲಿನ ಸಸ್ಯಾಹಾರದ ಹಸಿರು ಗುರುತು ಮೇಲಕ್ಕೆ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದರು. ಹಳೆಯವನ್ನು ತೆಗೆದು ಹೊಸವನ್ನು ಇಡುತ್ತಾ ಬಂದಿರಬೇಕು, ಯಾವುದರ ಗಡುವೂ ಮುಗಿದಿರಲಿಲ್ಲ. ಒಡೆಯರು ಬಾರದಿದ್ದಾಗ ತಮ್ಮದೇ ನಿಯಮ ಮುರಿದು ತಾವೇ ತೆರೆದಿದ್ದರು. ಎಲ್ಲದರ ಮೇಲೆ ಮಗನ ಅಳತೆಯ ಹಳದಿ ಮಳೆಕೋಟು. ಮಗನ ಅಳತೆಯೂ ಅಲ್ಲ, ತೊಡಿಸಿ ನೋಡಿದರೆ ತೋಳು ಬೆರಳ ತುದಿ ದಾಟಿ ಇಳಿಯಿತು. ತಾವಿಲ್ಲದ ವರ್ಷಕ್ಕೂ ಸೇರಿಸಿ ಕೊಂಡಿದ್ದರು.

ಈ ಶರತ್ಕಾಲದ ಮೊದಲ ಮಳೆ ಬಂದ ಬೆಳಿಗ್ಗೆ ಅವನು ತಾನಾಗಿಯೇ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದಿತ್ತು.

"ಪಸ್ಟ್, ಅಮ್ಮ" ಎಂದ ಜರ್ಮನ್‌ನಲ್ಲಿ, ಸರಿಹೋಯಿತು ಎಂದು. ಆಮೇಲೆ ಮೆಟ್ಟಿಲು ಇಳಿಯುತ್ತಾ, ಮುಚ್ಚಿದ ಎದುರು ಮನೆಯ ಬಾಗಿಲಿನ ಕಡೆ ತಿರುಗಿ, ಅಕ್ಕನ ಭಾಷೆಯಲ್ಲಿ ಎಂದಿನಂತೆ ಕೂಗಿದ, "ನಮ್ಮದು ಹೇಗಿದೆ?"

ಆಸ್ಪತ್ರೆಯಲ್ಲಿ ನಾನು ಕೇಳದೆ ಬಿಟ್ಟ ಮಾತು. ನಾನು ಅವನ ಕಡೆ ನೋಡಲಾರದೆ ಬಾಗಿಲು ಹಾಕಿಕೊಂಡೆ.